ಉಂಡ ಮೇಲೆ ಹೆಸರು, ಹೆಸರಾದ ಮೇಲೆ ಚಾವಿ

ಹೊಸದಾಗಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಸೇರಿದವರು ಈಗಲೂ ಆಗಾಗ ನನಗೆ ಫೋನು ಮಾಡುತ್ತಾರೆ. "ಮೇಡಂ, ಲಾಡ್ಜು ತಪಾಸಣಿಗೆ ಹೋದ್ರ ಮೊದ್ಲು ಏನು ನೋಡ್ಬೇಕ್ರಿ?" ಎಂದು ಕೇಳುತ್ತಾರೆ. "ಬಾತ್‌ರೂಮಿನ ಬಕೀಟು ನೋಡ್ರವ್ವಾ" ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ. ಮುಂದಿನ ಕೌಂಟರ್ ಒರೆಸಿ ಊದುಬತ್ತಿ ಹಚ್ಚಿಡುವುದು ಯಾರಿಗಾದರೂ ಬರುತ್ತದೆ. ಬಕೀಟಿನ ತಳ ತಿಕ್ಕುವ ಮಾಲೀಕ ಮಾತ್ರ ತನ್ನ ಗಿರಾಕಿಯನ್ನು ಮನುಷ್ಯ ಎಂದು ತಿಳಿದಿರುತ್ತಾನೆ.

ಲಿಂಗಸುಗೂರು, ಸಿಂಧನೂರು, ಮಸ್ಕಿ, ಈ ಮೂರೂರಲ್ಲೇ ನನ್ನ ಸರ್ವೀಸು ಮುಗಿಯಿತು. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಕೇಳಿ ಕೇಳಿ ನಮ್ಮ ಮನೆಯವರೇ ಎದ್ದು ಹೋಗುತ್ತಾರೆ. ಚರಂಡಿ, ಕಸ, ಸೊಳ್ಳೆ ಔಷಧಿ ಹೀಗೆ ಕೆಲಸ ನೂರೆಂಟಿದ್ದರೂ ನನಗೆ ಮನಸ್ಸು ಹತ್ತಿದ್ದು ಒಂದೇ ಒಂದು. ಪರ ಊರಿನವರು ಬಂದು ತಲೆಯಿಡುವ ಜಾಗ ಹೇಗಿರಬೇಕು ಎಂದು ನೋಡಿ ಲೈಸೆನ್ಸಿಗೆ ಶಿಫಾರಸು ಮಾಡುವುದು. ಅದರ ನಾಲ್ಕು ಮಾತು ಬರೆದಿಟ್ಟರೆ ಹೊಸಬರಿಗೆ ಅನುಕೂಲವಾದೀತು. ಸಾಲಗುಂದದಲ್ಲಿ ನಮ್ಮ ಅಜ್ಜಿಯ ಮಗ್ಗುಲಲ್ಲಿ ಮಲಗಿ ಮಾತು ಕಲಿತವಳು ನಾನು. ಕಚೇರಿಯ ಟಿಪ್ಪಣಿ ಬರೆಯುವಾಗಲೂ ಆಕೆಯ ದನಿ ಅಡ್ಡ ಬರುತ್ತಿತ್ತು. ಇಲ್ಲಿಯೂ ಬಂದರೆ ತಡಕೊಳ್ಳಿ.

ಲಿಂಗಸುಗೂರಿನಲ್ಲಿ ನನಗೆ ಕೆಲಸ ಕಲಿಸಿದವರು ಖಾಜಾಸಾಬರು. ನಮ್ಮ ಸೀನಿಯರ್ ಇನ್ಸ್‌ಪೆಕ್ಟರ್. ಬಿಳಿ ಪೈಜಾಮ, ಬಾಯಲ್ಲಿ ಸದಾ ಲವಂಗ. ನಾನು ಸೇರಿದ ಹೊಸದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿಗೆ ಕರೆದೊಯ್ದರು. ಮಾಲೀಕ ಕೈ ಮುಗಿದು ಒಂದೊಂದೇ ರೂಮು ತೆರೆದು ತೋರಿಸಿದ. ಒಂದೊಂದರಲ್ಲೂ ಹಾಲಿನಂಥ ಚಾದರ, ಮೂಲೆಯಲ್ಲಿ ನೀಲಿ ದಾರದ ಹೂವು. ಬಸ್ ಸ್ಟ್ಯಾಂಡಿನ ಲಾಡ್ಜು ಇಷ್ಟು ಸ್ವಚ್ಛವೇ ಎಂದು ನಾನು ಬೆರಗಾಗಿ "ಉತ್ತಮ, ಉತ್ತಮ" ಎಂದು ಬರೆಯುತ್ತ ಹೋದೆ. ಕೊನೆಯ ರೂಮಿಗೆ ಬಂದಾಗ ಖಾಜಾಸಾಬರು ಮಂಚದ ಮೇಲೆ ಕುಳಿತು ಚಾದರ ಸವರಿದರು.

"ಬೇಟಿ, ಈ ಅರಿಶಿಣದ ಕಲಿ ನೋಡು."

"ಸಣ್ಣದು ಐತಲ್ರಿ ಸರ್, ಒಗದ್ರ ಹೋಗ್ತೈತಿ."

"ಅದಲ್ಲ. ಮೊದಲ್ನೇ ರೂಮಿನಾಗೂ ಇದ ಕಲಿ, ಇದ ಮೂಲ್ಯಾಗ ಇತ್ತು. ಚಾದರಕ್ಕ ಕಾಲು ಬಂದಾವ. ಜರಾ ಹಿಂದಿನ ಮೆಟ್ಲಿಗೆ ಹೋಗಿ ನೋಡಿ ಬಾ."

ಹೋಗಿ ನೋಡಿದರೆ ಮಾಲೀಕನ ಭಾವಮೈದುನ ಇನ್ನೊಂದು ಚಾದರ ಬಗಲಲ್ಲಿ ಅವುಚಿಕೊಂಡು ಬೆವರು ಸುರಿಸುತ್ತ ನಿಂತಿದ್ದಾನೆ. ಇದ್ದದ್ದು ಎರಡೇ ಒಳ್ಳೆಯ ಚಾದರ. ನಾವು ಒಂದು ರೂಮಿನಲ್ಲಿ ಇದ್ದಾಗ ಹಿಂದಿನ ರೂಮಿನದು ಮುಂದಿನ ರೂಮಿಗೆ ಓಡುತ್ತಿತ್ತು. ಖಾಜಾಸಾಬರು ಸಿಟ್ಟಾಗಲಿಲ್ಲ. "ಬಾರಪ್ಪಾ, ಭಾಳ ದಣದೀ, ಕೂಡು, ನೀರು ಕುಡಿ" ಎಂದು ಆ ಭಾವಮೈದುನನನ್ನು ಕೂರಿಸಿದರು. ಮಾಲೀಕನಿಗೆ ಮಾತ್ರ ಒಂದು ಆಜ್ಞೆ ಮಾಡಿದರು: ಇವತ್ತು ಮನೆಗೆ ಹೋಗುವಂತಿಲ್ಲ, ನಿನ್ನ ಲಾಡ್ಜಿನಲ್ಲೇ, ದಿನಾ ಗಿರಾಕಿಗೆ ಕೊಡುವ ಚಾದರದ ಮೇಲೇ ಮಲಗಬೇಕು.

ಹೊರಗೆ ಬಂದ ಮೇಲೆ ಕೇಳಿದೆ, "ಕೇಸು ಹಾಕಬಹುದಿತ್ತಲ್ರಿ?"

"ದಂಡ ಕಟ್ಟಿ ಮರೀತಿದ್ದ. ತಿಗಣಿ ಕಡದ್ರ ಮರೆಯಂಗಿಲ್ಲ."

ಮರುವಾರ ಆ ಲಾಡ್ಜಿನ ಮಾಳಿಗೆಯ ಮೇಲೆ ಹೊಸ ಚಾದರಗಳು ಸಾಲಾಗಿ ಒಣಗುತ್ತಿದ್ದವು. ಮಾಲೀಕ ನನ್ನನ್ನು ಕಂಡಾಗಲೆಲ್ಲ ಬೆನ್ನು ತುರಿಸಿಕೊಂಡು ನಗುತ್ತಿದ್ದ.

ಸಿಂಧನೂರಿನ ಲೋಕವೇ ಬೇರೆ. ಕಾಲುವೆಗೆ ನೀರು ಬಂದ ಊರು, ಅಕ್ಕಿ ಗಿರಣಿಯ ಊರು. ಭತ್ತದ ಕಟಾವು ಬಂತೆಂದರೆ ತಮಿಳುನಾಡಿನಿಂದ, ಎಲ್ಲೆಲ್ಲಿಂದಲೋ ಕಟಾವು ಮಷಿನ್‌ಗಳು ಬರುತ್ತವೆ. ಅವುಗಳ ಹಿಂದೆ ಡ್ರೈವರು, ಮೆಕ್ಯಾನಿಕ್ಕು, ದಲಾಲಿ, ಬೀಜದ ಕಂಪನಿಯವರು. ಆಗ ಊರಲ್ಲಿ ಕಾಲು ಚಾಚಲು ಜಾಗ ಸಿಗುವುದಿಲ್ಲ. ಅಲ್ಲೊಂದು ದೊಡ್ಡ ಲಾಡ್ಜು. ಅದರ ಮ್ಯಾನೇಜರು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಮನುಷ್ಯ, ಸುಬ್ಬಯ್ಯ. ನನ್ನನ್ನು ಕಂಡರೆ "ಅಮ್ಮಗಾರು" ಎಂದು ಎದ್ದು ನಿಲ್ಲುತ್ತಿದ್ದ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ ಎಂದು ಕೇಳಿದರೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕಬ್ಬಿಣದ ಅಲಮಾರಿ ತೆರೆದು ತೋರಿಸಿದ. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

"ಇದು ಗೋಡೆ ಮ್ಯಾಲ ಇರಬೇಕಲ್ಲ ಸುಬ್ಬಯ್ಯಾ?"

"ಹೊರಗಿಟ್ರೆ ಯಾರಾನಾ ಎತ್ಕೊಂಡು ಹೋಗ್ತಾರಮ್ಮಾ. ಕೀಲಿ ಹಾಕಿ ಭದ್ರ ಇಟ್ಟೀನಿ."

"ಬೆಂಕಿ ಹತ್ತಿದ್ರ?"

"ಚಾವಿ ನನ್ ಹತ್ರಾನೇ ಇರ್ತದಲ್ಲಮ್ಮಾ."

"ನೀ ಊರಿಗೆ ಹೋದಾಗ?"

ಸುಬ್ಬಯ್ಯ ನಿಜಕ್ಕೂ ಯೋಚನೆ ಮಾಡಿದ. "ಆವಾಗ ಬೆಂಕಿ ಹತ್ತಬಾರ್ದಮ್ಮಾ" ಎಂದ.

ಎಂಟು ದಿನದಲ್ಲಿ ಅದನ್ನು ಗೋಡೆಗೆ ಹಾಕಿಸು ಎಂದು ಹೇಳಿ ಬಂದೆ. ಹಾಕಿಸಿದ್ದಾನೋ ಇಲ್ಲವೋ ನೋಡಲು ಮತ್ತೆ ಹೋದ ಮಧ್ಯಾಹ್ನವೇ ಆ ಘಟನೆ ನಡೆಯಿತು. ಮೇಲಿನ ರೂಮಿನಲ್ಲಿ ಒಬ್ಬ ಹುಡುಗ ಬಾಗಿಲು ತೆರೆಯುತ್ತಿಲ್ಲ ಎಂದು ಗದ್ದಲ. ಬಾಗಿಲು ಮುರಿದು ನೋಡಿದರೆ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾನೆ. ವಳಕಮದಿನ್ನಿ ಕಡೆ ಗದ್ದೆಯಲ್ಲಿ ಮಷಿನ್ ನಡೆಸುತ್ತಿದ್ದವನಂತೆ, ಮೈ ಬಿಸಿಯಾಗಿದೆ ಎಂದು ಬಂದು ಮಲಗಿದ್ದನಂತೆ. ಕಚೇರಿಯ ಜೀಪಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಚಿಕಿತ್ಸೆ ಶುರು ಮಾಡಿ, "ಇವರ ಹೆಸರೇನು? ಮನೆಯವರಿಗೆ ತಿಳಿಸಿದ್ದೀರಾ?" ಎಂದು ಕೇಳಿದರು. ನಾನು ಸುಬ್ಬಯ್ಯನ ಮುಖ ನೋಡಿದೆ. ಅವನು ನೆಲ ನೋಡಿದ. ಮಷಿನ್ ಮಾಲೀಕ ಒಟ್ಟಿಗೇ ರೂಮು ಹಿಡಿದಿದ್ದ. ಬಂದವರನ್ನೆಲ್ಲ ಸುಬ್ಬಯ್ಯ "ರಾಜು" ಎಂದೇ ಬರೆದುಕೊಂಡಿದ್ದ. ಹುಡುಗನ ಫೋನಿಗೆ ಲಾಕ್ ಇತ್ತು. ಸಂಜೆ ಅದು ತಾನೇ ಬಡಿದುಕೊಂಡಾಗ ಎತ್ತಿದರೆ ಆ ಕಡೆಯಿಂದ ಹೆಣ್ಣು ದನಿ, ಶುದ್ಧ ತಮಿಳು. ಇನ್ನೊಬ್ಬ ಮಷಿನ್ ಡ್ರೈವರನನ್ನು ಹುಡುಕಿ ತಂದು ಮಾತಾಡಿಸಿದ ಮೇಲೆ ಗೊತ್ತಾಯಿತು, ಹುಡುಗನ ಹೆಸರು ಸೆಲ್ವಂ, ದನಿ ಅವನ ಅಕ್ಕನದು.

ಸೆಲ್ವಂ ಉಳಿದ. ದೇವರು ದೊಡ್ಡವನು. ಅವನ ಅಕ್ಕ ಬಸ್ಸು ಬದಲಿಸಿ ಬದಲಿಸಿ ಬಂದಳು. ಆಸ್ಪತ್ರೆಯ ವರಾಂಡದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಬೈಯುತ್ತಾಳೆ ಎಂದುಕೊಂಡೆ. ಡ್ರೈವರು ಕನ್ನಡದಲ್ಲಿ ಹೇಳಿದ: "ನಿಮ್ಮೂರಲ್ಲಿ ನನ್ನ ತಮ್ಮನಿಗೆ ಜಾಗ ಕೊಟ್ಟಿದ್ದಕ್ಕೆ ಪುಣ್ಯ ಬರಲಿ ಅಂತಾಳೆ. ಆದರೆ ಹೆಸರು ಯಾಕೆ ಕೇಳಲಿಲ್ಲ ಅಂತಾಳೆ."

ಅಲ್ಲಿಯವರೆಗೆ ಗುರುತಿನ ಚೀಟಿ ನೋಡುವುದು, ಹೆಸರು ಬರೆಯುವುದು ಎಂದರೆ ಪೊಲೀಸರ ಸಲುವಾಗಿ ಎಂದು ನಾನೂ ತಿಳಿದಿದ್ದೆ. ಕಳ್ಳರನ್ನು ಹಿಡಿಯಲು. ಆವತ್ತಿನಿಂದ ಯಾವ ಲಾಡ್ಜಿಗೆ ಹೋದರೂ ಆ ಅಕ್ಕನ ಮಾತನ್ನೇ ಹೇಳಿದೆ. ನಿಯಮ ಓದಿ ಹೇಳಿದರೆ ಆಕಳಿಸುವ ಮಾಲೀಕರು ಇದನ್ನು ಹೇಳಿದರೆ ಕೇಳುತ್ತಿದ್ದರು.

ಇನ್ನು ಮಸ್ಕಿ. ಅಲ್ಲಿಗೆ ಹೋಗುವ ಹೊತ್ತಿಗೆ ಕಾಲವೇ ಬದಲಾಗಿತ್ತು. ಅರ್ಜಿ ಕಂಪ್ಯೂಟರಿನಲ್ಲಿ, ಫೋಟೊ ಫೋನಿನಲ್ಲಿ, ತಪಾಸಣೆಗೆ ಹೋದರೆ ನಿಂತ ಜಾಗದಿಂದಲೇ ಹಾಜರಿ. ಜೊತೆಗೆ ಇನ್ನೊಂದು ಹೊಸ ಸಂಗತಿ ಶುರುವಾಗಿತ್ತು. ಮನೆ ಮಂದಿ ಇರುವ ಮನೆಯಲ್ಲೇ ಒಂದೆರಡು ರೂಮು ತೆಗೆದಿಟ್ಟು, ಫೋನಿನ ಆ್ಯಪಿನಲ್ಲಿ ಹಾಕಿ, ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಗುಡ್ಡದ ಹಳೆಯ ಶಾಸನ ನೋಡಲು ಬರುವ ವಿದ್ಯಾರ್ಥಿಗಳು, ಪರೀಕ್ಷೆ ಡ್ಯೂಟಿಗೆ ಬರುವ ಮಾಸ್ತರರು, ಬೀಜದ ಕಂಪನಿಯವರು ಇಂಥ ಮನೆ ಹುಡುಕುತ್ತಿದ್ದರು. ಲಾಡ್ಜಿನವರು ಬಂದು, "ನಮಗೊಂದು ಕಾನೂನು, ಅವರಿಗೊಂದು ಕಾನೂನಾ?" ಎಂದು ಜಗಳ ತೆಗೆದರು. ಅದು ಸರಿಯಾದ ಮಾತೇ. ನಮ್ಮ ಪುರಸಭೆಯ ಮುಖ್ಯಾಧಿಕಾರಿ ಚಾಮರಾಜನಗರದ ಕಡೆಯ ಯುವಕರು. ಶಿಸ್ತಿನ ಮನುಷ್ಯ, ಮಾತು ಕಡಿಮೆ. ರೂಮು ಕೊಡುವ ಮನೆಯವರೂ ಲೈಸೆನ್ಸು ತೆಗೆಯಬೇಕು, ತಿಂಗಳೊಳಗೆ ಷರತ್ತು ಪೂರೈಸದ ಮನೆಗಳ ಬೋರ್ಡು ಇಳಿಸಬೇಕು ಎಂದು ಆದೇಶ ಮಾಡಿದರು.

ಅಂಥ ಮನೆಗಳಲ್ಲಿ ಒಂದು ಶರಣಮ್ಮನದು. ಹಳೆಯ ಕಾಲದ ಮಣ್ಣಿನ ಮಾಳಿಗೆ ಮನೆ, ದೊಡ್ಡ ಅಂಗಳ, ಅಂಗಳದ ಆಚೆ ದನ ಕಟ್ಟುವ ಜಾಗ. ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಆ ಜಾಗದಲ್ಲಿ ಸೊಸೆ ನಾಗವೇಣಿ ಎರಡು ರೂಮು ಎಬ್ಬಿಸಿದ್ದಳು. ಆಕೆ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದವಳು, ಆ ಶಾಲೆ ಮುಚ್ಚಿತ್ತು. ಗೋಡೆಗೆ ತಾನೇ ಸುಣ್ಣ ಹೊಡೆದು, ಕೌದಿ ಹೊಲಿದು, ಬಾಗಿಲ ಮೇಲೆ ಬೋರ್ಡು ಬರೆದಿದ್ದಳು. ನಾನು ಮೊದಲ ಸಲ ಹೋದಾಗ ಆಕೆ ಕೇಳಿದ್ದು ಒಂದೇ: "ಮೇಡಮ್ಮಾರ, ಶಾಲಿ ಮುಚ್ಚಿದಾಗ ತಿಂಗಳಾನುಗಟ್ಲೆ ಸುಮ್ನ ಗ್ವಾಡಿ ನೋಡಿಕೋತ ಕುಂತಿದ್ದೆ. ಇದನ್ನೂ ಮುಚ್ಚಿಸಬ್ಯಾಡ್ರಿ. ಏನ್ ಮಾಡಂತೀರಿ ಎಲ್ಲಾ ಮಾಡ್ತೀನಿ."

ಮಾಡಿದ್ದಳು ಕೂಡ. ಬಕೀಟು ತಿರುವಿ ನೋಡಿದೆ, ತಳ ಫಳಫಳ. ನಂತರ ನಮ್ಮ ನಮೂನೆ ತೆಗೆದು ಪ್ರಶ್ನೆ ಕೇಳತೊಡಗಿದೆ. ಆ ನಮೂನೆ ಬರೆದವರು ಯಾವುದೋ ಕಾಫಿ ತೋಟದ ಮನೆ ಕಣ್ಣ ಮುಂದೆ ಇಟ್ಟುಕೊಂಡು ಬರೆದಿರಬೇಕು.

"ಈಜುಕೊಳಕ್ಕೆ ಬೇಲಿ ಇದೆಯೇ?"

"ಹಿತ್ತಲದಾಗ ನೀರಿನ ಹೌದಿ ಐತ್ರಿ," ಎಂದಳು ಶರಣಮ್ಮ. "ಅದರಾಗ ಯಾರೂ ಈಜಂಗಿಲ್ಲ. ಎಮ್ಮಿ ಮೂತಿ ಹಾಕ್ತಿತ್ತು, ಅದನ್ನೂ ಮಾರೀವಿ."

"ಕಾಡುಪ್ರಾಣಿಗಳ ಬಗ್ಗೆ ಎಚ್ಚರಿಕೆ ಫಲಕ?"

"ಎರಡು ಆಡು ಅದಾವ್ರಿ. ಕರೀದು ಸ್ವಲ್ಪ ಹಾಯತೈತಿ. ಬರಕೋರಿ ಬೇಕಾದ್ರ."

ನಾಗವೇಣಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಬರೆದುಕೊಂಡೆ, "ಅನ್ವಯಿಸುವುದಿಲ್ಲ". ತುರ್ತು ನಿರ್ಗಮನದ ದಾರಿ ಎಲ್ಲಿ ಎಂದದ್ದಕ್ಕೆ ಶರಣಮ್ಮ ಮಾಳಿಗೆಯ ಬೆಳಕಿಂಡಿಗೆ ಹಚ್ಚಿದ ಏಣಿ ತೋರಿಸಿದಳು. ಹತ್ತಿ ಬರ್ರಿ ಎಂದೂ ಅಂದಳು. ನನ್ನ ಗಾತ್ರಕ್ಕೆ ಆ ಕಿಂಡಿ ಸಾಲದು ಎಂದು ಮೂವರಿಗೂ ಗೊತ್ತಿತ್ತು. ರೂಮುಗಳಿಗೆ ಹಿಂದಿನಿಂದ ಇನ್ನೊಂದು ಬಾಗಿಲು ಇಡಿಸಿರಿ ಎಂದೆ, ಇಡಿಸಿದರು.

ಸಿಕ್ಕಿಬಿದ್ದದ್ದು ಬೇರೆ ಕಡೆ. "ಅತಿಥಿಯ ಗುರುತನ್ನು ಪ್ರವೇಶದ ಮೊದಲು ಪರಿಶೀಲಿಸತಕ್ಕದ್ದು" ಎಂಬ ಷರತ್ತು ಓದಿದಾಗ ಅಲ್ಲಿಯವರೆಗೆ ನಗುತ್ತಿದ್ದ ಶರಣಮ್ಮ ತಲೆ ಅಲ್ಲಾಡಿಸಿದಳು.

"ಅದೊಂದು ಆಗಂಗಿಲ್ರಿ."

"ಯಾಕವ್ವಾ?"

"ನಮ್ಮ ಮನ್ಯಾಗ ಬಾಗಿಲಿಗೆ ಬಂದವ್ರಿಗೆ ಮೊದ್ಲು ಕಾಲಿಗೆ ನೀರು, ಆಮ್ಯಾಲ ತಾಟು. ಉಣ್ಣೂತನಕ ಹೆಸ್ರು ಕೇಳಂಗಿಲ್ಲ, ಯಾವೂರು ಅಂತ ಕೇಳಂಗಿಲ್ಲ. ನಮ್ಮತ್ತಿ ಹಂಗ ನಡಸ್ಯಾಳ, ಅಕಿ ಅತ್ತಿನೂ ಹಂಗ ನಡಸ್ಯಾಳ."

"ಅತ್ತೀ, ಇದು ಲೈಸೆನ್ಸಿನ ಮಾತ," ಎಂದು ನಾಗವೇಣಿ ನಡುವೆ ಬಂದಳು. "ಹೆಸ್ರು ಕೇಳಿದ್ರ ಬಾಯಿ ಸವೀತೈತೇನು?"

"ನಿನಗ ತಿಳಿಯಂಗಿಲ್ಲ ಸುಮ್ನಿರು. ಹೆಸ್ರು ಕೇಳಿ ತಾಟು ಹಾಕಿದ್ರ, ಹೆಸ್ರು ನೋಡಿ ತಾಟು ಹಾಕಿದಂಗ ಆಕ್ಕೈತಿ. ಹೆಸ್ರಿನ ಬೆನ್ನಿಗೇ ಜಾತಿ ಬರ್ತೈತಿ. ಬಂದವ್ರು ಏನ್ ತಿಳ್ಕೋಬೇಕು?"

ಇಷ್ಟು ವರ್ಷ ಷರತ್ತು ಮುರಿದವರನ್ನು ಬಹಳ ನೋಡಿದ್ದೆ. ಸೋಮಾರಿತನಕ್ಕೆ ಮುರಿದವರು, ಆಸೆಗೆ ಮುರಿದವರು. ಮರ್ಯಾದೆಗಾಗಿ ಮುರಿಯುವವಳನ್ನು ನೋಡಿದ್ದು ಮೊದಲ ಸಲ. ಆದರೆ ಷರತ್ತು ಷರತ್ತೇ. ತಿಂಗಳು ಮುಗಿದರೆ ನಾಗವೇಣಿಯ ಬೋರ್ಡು ಇಳಿಯುತ್ತದೆ. ಆಕೆ ಬಾಗಿಲ ಚೌಕಟ್ಟು ಹಿಡಿದು ಅತ್ತೆಯ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತಿದ್ದಳು.

ಕಡೆಗೆ ನಾನು ಸೆಲ್ವಂನ ಕತೆ ಹೇಳಿದೆ. ಫೋನು ಬಡಿದುಕೊಂಡದ್ದು, ಅಕ್ಕ ಬಂದದ್ದು, ಕೈ ಹಿಡಿದು ಕೇಳಿದ್ದು. ಶರಣಮ್ಮ ಕೇಳುತ್ತ ಕೇಳುತ್ತ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. "ಪಾಪ, ಅಕ್ಕಗ ಗೊತ್ತಿಲ್ದಂಗ ಬಿದ್ದಿದ್ನಾ," ಎಂದಳು. ಆಮೇಲೆ, "ಉಂಡ ಮ್ಯಾಲ ಕೇಳ್ತೀನ್ರಿ," ಎಂದಳು. "ಉಂಡ ಮ್ಯಾಲ, ಚಾವಿ ಕೊಡೂಕಿಂತ ಮೊದ್ಲು. ತಾಟಿಗೆ ಹೆಸ್ರು ಬ್ಯಾಡ. ಹಾಸಿಗಿಗೆ ಬೇಕಾದ್ರ ಇರ್ಲಿ."

ನನಗೆ ಸರಿ ಕಂಡಿತು. ಆದರೆ ಷರತ್ತಿನಲ್ಲಿ ಇದ್ದದ್ದು "ಪ್ರವೇಶದ ಮೊದಲು". ಮುಖ್ಯಾಧಿಕಾರಿಯವರಿಗೆ ಹೇಳಿ ನೋಡುತ್ತೇನೆ, ಅಲ್ಲಿಯವರೆಗೆ ಚೀಟಿ ಕೇಳುವುದನ್ನಾದರೂ ರೂಢಿ ಮಾಡಿಕೊಳ್ಳಿ ಎಂದೆ.

ಆ ರೂಢಿಯೇ ಒಂದು ಕತೆ. ನಾಗವೇಣಿ ಅತಿಥಿಯಂತೆ ಬ್ಯಾಗು ಹಿಡಿದು ಬರುವುದು, ಶರಣಮ್ಮ ಚೀಟಿ ಕೇಳುವುದು. ಶರಣಮ್ಮನಿಗೆ "ಗುರುತಿನ ಚೀಟಿ ಕೊಡ್ರಿ" ಎನ್ನಲು ನಾಲಿಗೆ ಏಳದು. ಬದಲಿಗೆ, ಮುಖ ಸಣ್ಣದು ಮಾಡಿಕೊಂಡು, "ನಿಮಗೇನರ ಆದ್ರ ಯಾರಿಗೆ ಸುದ್ದಿ ಮುಟ್ಟಿಸ್ಬೇಕ್ರಿ?" ಎಂದು ಕೇಳುತ್ತಿದ್ದಳು. ಆ ವಾರ ಬಂದಿದ್ದ ಮಾಸ್ತರರೊಬ್ಬರು ಇದನ್ನು ಕೇಳಿ ಗಾಬರಿಯಾಗಿ, "ಯಾಕವ್ವಾ, ನನಗೇನು ಆಗ್ತೈತಿ?" ಎಂದು ಎದ್ದು ನಿಂತರಂತೆ. ನಾಗವೇಣಿ ನನಗೆ ಫೋನಿನಲ್ಲಿ ಹೇಳಿ ನಕ್ಕಳು, ನಕ್ಕು ಅತ್ತಳು. "ಅತ್ತಿಯವ್ರು ಲೈಸೆನ್ಸ್ ಕೊಡಸಂಗಿಲ್ರಿ ಮೇಡಮ್ಮಾರ, ನನ್ನ ಮುಳುಗಸ್ತಾರ" ಎಂದಳು.

ನಾನು ಸಾಹೇಬರ ಮುಂದೆ ವಿಷಯ ತೆಗೆಯುವ ಮೊದಲೇ ಅವರೇ ನನ್ನನ್ನು ಕರೆಸಿದರು. ಫೋನು ನನ್ನ ಮುಂದೆ ಹಿಡಿದರು. ಯಾರೋ ಅತಿಥಿ ಆ್ಯಪಿನಲ್ಲಿ ಮನೆಯನ್ನು ಹೊಗಳಿ ಬರೆದಿದ್ದ: "ಹೆಸರು ಕೂಡ ಕೇಳದೆ ರೊಟ್ಟಿ ಬಡಿಸಿದರು. ಇಂಥ ಮನೆ ನೋಡಿಲ್ಲ." ಐದಕ್ಕೆ ಐದು ನಕ್ಷತ್ರ.

"ಓದಿದ್ರಾ ಮೇಡಂ? ಹೆಸರು ಕೂಡ ಕೇಳದೆ! ಸಾಕ್ಷಿ ಅವರೇ ಬರೆದು ಕೊಟ್ಟಿದ್ದಾರೆ."

"ಅದು ಹೊಗಳಿಕೆ ಸರ್."

"ಗೊತ್ತು. ಹೊಗಳಿಕೆಗೆ ಷರತ್ತು ತಿದ್ದೋಕಾಗಲ್ಲ."

ಊಟದ ಮಾತು, ಹೆಸರಿನ ಮಾತು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. "ಬಾಯಲ್ಲಿ ಎಲ್ಲರೂ ಹೇಳ್ತಾರೆ, ರೂಮು ಕೊಡೋವಾಗ ಏನು ಮಾಡ್ತಾರೆ ನೋಡೋಣ" ಎಂದು ಎದ್ದರು. ತಾವೇ ಅತಿಥಿಯಾಗಿ ಹೋಗುವುದಾಗಿಯೂ, ಚೀಟಿ ಕೇಳದೆ ರೂಮು ಕೊಟ್ಟರೆ ಆವತ್ತೇ ಬೋರ್ಡು ಇಳಿಸುವುದಾಗಿಯೂ ಹೇಳಿದರು. ಗುರುತು ಸಿಗಬಾರದೆಂದು ಕಚೇರಿಯ ಕಾರ್ಡು, ಪಾಕೀಟು ಎಲ್ಲ ಮೇಜಿನ ಡ್ರಾದಲ್ಲೇ ಇಟ್ಟು, ಹಳೆಯ ಶರ್ಟು ಹಾಕಿಕೊಂಡು, ಹೆಗಲಿಗೊಂದು ಬ್ಯಾಗು ಏರಿಸಿದರು. ನಾನು ಆ ಓಣಿಯ ಮೂಲೆಯ ಚಹಾದಂಗಡಿಯಲ್ಲಿ ಕೂತು ಕಾಯಬೇಕು, ಕರೆದಾಗ ಬರಬೇಕು.

ಕೂತೆ. ಮಧ್ಯಾಹ್ನದ ಹೊತ್ತು. ಸಾಹೇಬರು ಆ ಮನೆಯ ಬಾಗಿಲು ಬಡಿಯುವುದು ಕಾಣುತ್ತಿತ್ತು. ಅಷ್ಟರಲ್ಲೇ ಸಂತೆಯ ಕಡೆಗೆ ಹೋಗುವ ಟಂಟಂ ಆಟೋದಲ್ಲಿ ಚೀಲ ಹಿಡಿದು ಕುಳಿತ ನಾಗವೇಣಿ ಕಂಡಳು. ಮನೆಯಲ್ಲಿ ಶರಣಮ್ಮ ಒಬ್ಬಳೇ. ಚೀಟಿ ಎನ್ನುವ ಶಬ್ದವೇ ಬಾಯಿಗೆ ಬರದವಳು.

ಹೊಸಬರಿಗೆ ಹೇಳಬೇಕಾದ ಮಾತು ಇದು. ನಮ್ಮ ಕೆಲಸದಲ್ಲಿ ಕಷ್ಟದ ಗಳಿಗೆ ಕೆಟ್ಟವರ ಮುಂದೆ ಬರುವುದಿಲ್ಲ. ಅವರಿಗೆ ನೋಟಿಸು ಕೊಟ್ಟು ಮನೆಗೆ ಹೋಗಿ ನಿದ್ದೆ ಮಾಡಬಹುದು. ಒಳ್ಳೆಯವರು ಷರತ್ತಿನ ಆಚೆ ನಿಂತಾಗ ಬರುತ್ತದೆ. ಫೋನು ನನ್ನ ಕೈಯಲ್ಲೇ ಇತ್ತು. ನಾಗವೇಣಿಗೆ ಒಂದು ಮಾತು ಹೇಳಿದರೆ ಆಕೆ ಟಂಟಂ ತಿರುಗಿಸುತ್ತಿದ್ದಳು. ಹೇಳಲಿಲ್ಲ. ತಪಾಸಣೆಯ ಸುದ್ದಿ ಮೊದಲೇ ಮುಟ್ಟಿಸಿದರೆ ಅದು ತಪಾಸಣೆಯಾಗುವುದಿಲ್ಲ. ಚಹಾ ತಣ್ಣಗಾಯಿತು. ಅಂಗಡಿಯವನು, "ಯಾಕ್ರಿ ಮೇಡಮ್ಮಾರ, ಸಕ್ರಿ ಕಮ್ಮಿ ಆತೇನು?" ಎಂದು ಎರಡು ಸಲ ಕೇಳಿದ. ಇಷ್ಟು ಹೊತ್ತಾಯಿತು ಎಂದರೆ ಊಟ ನಡೆದಿದೆ ಎಂದು ಅಂದಾಜಿಸಿದೆ. ಊಟ ಮುಗಿದ ಮೇಲೆ ಏನು?

ಫೋನು ಬಂತು. ಸಾಹೇಬರ ದನಿ ಸಣ್ಣದಾಗಿತ್ತು. "ಮೇಡಂ, ಸ್ವಲ್ಪ ಬೇಗ ಬನ್ನಿ."

ಹೋದೆ. ಅಂಗಳದಲ್ಲಿ ಸಾಹೇಬರು ಬ್ಯಾಗು ಹಿಡಿದು ನಿಂತಿದ್ದರು. ಪಡಸಾಲೆಯಲ್ಲಿ ಉಂಡ ತಾಟು ಇತ್ತು; ಪುಂಡಿಪಲ್ಯೆಯ ಕಣವೂ ಉಳಿದಿರಲಿಲ್ಲ. ರೂಮಿನ ಬಾಗಿಲಿಗೆ ಅಡ್ಡವಾಗಿ ಶರಣಮ್ಮ, ಸೊಂಟದಲ್ಲಿ ಚಾವಿ ಗೊಂಚಲು.

"ಚಲೋ ಆತು ನೀವು ಬಂದದ್ದು ಮೇಡಮ್ಮಾರ," ಎಂದಳು. "ಈ ತಮ್ಮ ಉಂಡಾನ. ಉಂಡ ಮ್ಯಾಲ ಹೆಸ್ರು ಕೇಳಿದ್ರ ರಮೇಶ ಅಂತಾನ. ಚೀಟಿ ಕೇಳಿದ್ರ ಇಲ್ಲ ಅಂತಾನ. ಅಕ್ಕ ತಂಗೇರು ಯಾರರ ಅದಾರೇನಪಾ, ನಂಬರ್ ಕೊಡು ಅಂದ್ರ ಅದೂ ಕೊಡವಲ್ಲ. ಇನ್ನೆರಡು ರೊಟ್ಟಿ ಬೇಕಂದ್ರ ಹಾಕ್ತೀನಿ. ಚಾವಿ ಮಾತ್ರ ಕೊಡಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ಇವ್ರು ನಮ್ಮ ಸಾಹೇಬ್ರವ್ವಾ. ಮುಖ್ಯಾಧಿಕಾರಿ."

ಶರಣಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಹಳೆಯ ಶರ್ಟಿನ ಮೇಲೆ ಕಣ್ಣು ನಿಂತಿತು. "ಸಾಹೇಬ್ರಾದ್ರೇನ್ರಿ, ಸಾಹೇಬ್ರಿಗೆ ಜ್ವರ ಬರಂಗಿಲ್ಲೇನು? ಯಾರಿಗೆ ಹೇಳ್ಬೇಕು?"

ಸಾಹೇಬರು ನಕ್ಕರು. ಆದರೂ ಕೆಲಸ ಬಿಡಲಿಲ್ಲ. ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಕೇಳಿದರು, "ಅಮ್ಮ, ಚೀಟಿ ಕೇಳಿದ್ರಿ, ಒಪ್ಪಿದೆ. ಆದರೆ ಒಳಗೆ ಕರೆಯೋಕೆ ಮುಂಚೆ ಯಾಕೆ ಕೇಳಲಿಲ್ಲ? ಬಾಗಿಲಲ್ಲೇ ಕೇಳಬೇಕು ಅಂತ ಷರತ್ತು."

ಶರಣಮ್ಮ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು. ಹೆಸರು ಕೇಳಿ ತಾಟು ಹಾಕಿದರೆ ಹೆಸರು ನೋಡಿ ತಾಟು ಹಾಕಿದಂತಾಗುತ್ತದೆ ಎಂದಳು. ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಹಿಟ್ಟು ಇಷ್ಟು, ನೀರು ಇಷ್ಟು ಎನ್ನುವ ಹಾಗೆ ಹೇಳಿದಳು.

ಸಾಹೇಬರು ನನ್ನ ಕಡೆ ತಿರುಗಿ, ಕಚೇರಿಯಲ್ಲಿ ಎಂದೂ ಕೇಳದ ಮೆಲು ದನಿಯಲ್ಲಿ ಹೇಳಿದರು: "ಓದೋಕೆ ಮೈಸೂರಿಗೆ ಹೋದಾಗ, ಆಮೇಲೆ ಕೆಲಸದ ಮೊದಲ ಊರಲ್ಲೂ ಬಾಡಿಗೆ ರೂಮಿಗೆ ಎಷ್ಟೋ ಮನೆ ಬಾಗಿಲಿಗೆ ಹೋಗಿದ್ದೀನಿ ಮೇಡಂ. ಎಲ್ಲರೂ ಮೊದಲು ಕೇಳಿದ್ದು ಹೆಸರು. ಆಮೇಲೆ ಅಪ್ಪನ ಹೆಸರು. ಆಮೇಲೆ ರೂಮು ಖಾಲಿ ಇಲ್ಲ ಅನ್ನೋರು. ಬಾಡಿಗೆಗಿದೆ ಅನ್ನೋ ಬೋರ್ಡು ಮಾತ್ರ ಅಲ್ಲೇ ತೂಗ್ತಾ ಇರೋದು."

ಅವರ ಜೊತೆ ಅಷ್ಟು ದಿನ ಕೆಲಸ ಮಾಡಿದ್ದೆ, ಅವರು ಯಾವ ಮನೆಯಲ್ಲಿ ಇದ್ದಾರೆ, ಹೇಗೆ ಸಿಕ್ಕಿತು ಎಂದು ಕೇಳಿರಲಿಲ್ಲ.

"ಫೈಲು ತಂದಿದ್ದೀರಾ?" ಎಂದರು. ಚೀಲದಿಂದ ತೆಗೆದುಕೊಟ್ಟೆ. "ಇದು ನಮ್ಮ ಕಚೇರಿಯ ಷರತ್ತೇ ಅಲ್ಲವಾ? ಮೇಲಿನವರು ಗುರುತು ನೋಡಿ ಅಂದಿದ್ದಾರೆ, ಬಾಗಿಲಲ್ಲೇ ನೋಡಿ ಅಂತ ಬರೆದದ್ದು ನಾನು." "ಪ್ರವೇಶದ ಮೊದಲು" ಎಂಬುದರ ಮೇಲೆ ಗೆರೆ ಎಳೆದು ಮೇಲೆ ತಮ್ಮ ಕೈಯಿಂದ "ಕೊಠಡಿಯ ಕೀಲಿಕೈ ನೀಡುವ ಮೊದಲು" ಎಂದು ಬರೆದರು. ಕೆಳಗೆ ಸಹಿ ಹಾಕಿದರು. "ಉಳಿದ ಮನೆಗಳಿಗೂ ಇದೇ ಇರಲಿ. ಒಬ್ಬರಿಗೊಂದು ಆಗಬಾರದು" ಎಂದರು.

ಅಷ್ಟರಲ್ಲಿ ನಾಗವೇಣಿ ಸಂತೆಯಿಂದ ಬಂದಳು. ನನ್ನನ್ನು, ಫೈಲನ್ನು, ಕಟ್ಟೆಯ ಮೇಲೆ ಪೆನ್ನು ಹಿಡಿದ ಗಂಡಸನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಚೀಲದಿಂದ ಬದನೆಕಾಯಿ ಉರುಳಿದ್ದೂ ಆಕೆಗೆ ತಿಳಿಯಲಿಲ್ಲ.

"ಅತ್ತೀ, ಏನ್ ಮಾಡೀರಿ?"

"ಏನೂ ಮಾಡಿಲ್ಲ. ಚಾವಿ ಕೊಟ್ಟಿಲ್ಲ," ಎಂದಳು ಶರಣಮ್ಮ.

ಲೈಸೆನ್ಸು ಆಯಿತು ಎಂದು ನಾನು ಹೇಳಿದೆ. ನಾಗವೇಣಿ ನಂಬಲಿಲ್ಲ. ಫೈಲು ಕೈಗೆ ಕೊಟ್ಟೆ. ಓದಿದಳು, ಇನ್ನೊಮ್ಮೆ 'ಕೀಲಿಕೈ' ಎನ್ನುವಲ್ಲಿ ಬೆರಳಿಟ್ಟು ಓದಿದಳು. ಆಮೇಲೆ ಅಂಗಳಕ್ಕೆ ಇಳಿದು ಬದನೆಕಾಯಿ ಆರಿಸತೊಡಗಿದಳು. ಮುಖ ನಮಗೆ ಕಾಣದ ಹಾಗೆ ಬಹಳ ಹೊತ್ತು ಆರಿಸಿದಳು.

ಸಾಹೇಬರು ಹೊರಡಲು ಎದ್ದರು. ಶರಣಮ್ಮ ಬಿಡಲಿಲ್ಲ. "ಕೂಡ್ರಿ ತಮ್ಮಾ. ಉಂಡೀರಿ. ಈಗರ ಖರೇ ಹೆಸ್ರು ಹೇಳ್ರಿ."

ಅವರು ಮತ್ತೆ ಕುಳಿತರು. ತಮ್ಮ ಹೆಸರು ಹೇಳಿದರು. ಅಪ್ಪನ ಹೆಸರು ಹೇಳಿದರು. ಊರು ಹೇಳಿದರು, ಊರಲ್ಲಿ ತಮ್ಮ ಮನೆ ಯಾವ ಕೇರಿಯಲ್ಲಿದೆ ಎಂಬುದನ್ನೂ, ಯಾರೂ ಕೇಳದಿದ್ದರೂ, ಹೇಳಿದರು. ಹೇಳಿ ಶರಣಮ್ಮನ ಮುಖ ನೋಡಿದರು.

"ಭಾಳ ದೂರದ ಊರು," ಎಂದಳು ಶರಣಮ್ಮ. "ನಾಗವ್ವಾ, ಮಜ್ಜಿಗಿ ತಗೊಂಬಾ. ಬಿಸಲಾಗ ಹಂಗ ಕಳಸಬಾರ್ದು."